ಮುಂಬಯಿಯ ಸೆಕೆಯಲ್ಲಿ ಕೂತು ಹಿಮದ ಓಟ ನೋಡುವ ಬಗೆ

ಅಕ್ಟೋಬರ್ ಕೊನೆಯ ಭಾನುವಾರ. ಮಳೆ ಹೋಗಿ ಕೆಲವು ವಾರ ಕಳೆದಿರುತ್ತದೆ, ಮುಲುಂಡಿನ ನಮ್ಮ ಮನೆಯಲ್ಲಿ ಫ್ಯಾನು ಐದರಲ್ಲಿ ತಿರುಗಿದರೂ ಬೆವರು ಆರುವುದಿಲ್ಲ. ಊಟ ಮುಗಿಸಿ ಮಧ್ಯಾಹ್ನ ಎರಡೂವರೆಗೆ ನಾನು ಲ್ಯಾಪ್‌ಟಾಪ್ ತೆರೆಯುತ್ತೇನೆ. ಅದೇ ಹೊತ್ತಿಗೆ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ, ರೆಟನ್‌ಬಾಕ್ ಹಿಮನದಿಯ ಮೇಲೆ, ಸುಮಾರು 3000 ಮೀಟರ್ ಎತ್ತರದಲ್ಲಿ ಸ್ಕೀ ವಿಶ್ವಕಪ್‌ನ ಓಟಕ್ಕೆ ಒಂದನೇ ನಂಬರಿನ ಬಿಬ್, ಅಂದರೆ ನಂಬರು ಬರೆದ ಮೇಲಂಗಿ, ತೊಟ್ಟವನು ಎರಡೂ ಕೋಲು ಮುಂದಕ್ಕೆ ಊರಿ ನಿಂತಿರುತ್ತಾನೆ. ಅಲ್ಲಿಂದ ಮಾರ್ಚ್ ಮುಗಿಯುವವರೆಗೆ, ಹತ್ತಿರ ಹತ್ತಿರ ಐದು ತಿಂಗಳು, ನನ್ನ ವಾರಾಂತ್ಯಕ್ಕೆ ಒಂದು ಹಿಮದ ಇಳಿಜಾರು ಸಿಕ್ಕಿಬಿಡುತ್ತದೆ.

ನಮ್ಮ ಕಡೆಯಿಂದ ಸ್ಕೀ ಕಲಿಯಲು ಹೋಗುವವರು ಈಗ ಕಡಿಮೆಯೇನಲ್ಲ. ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲೋ, ಉತ್ತರಾಖಂಡದ ಔಲಿಯಲ್ಲೋ ಒಂದು ಕೋರ್ಸ್ ಮಾಡಿ, ಆಮೇಲೆ ಪ್ರತಿ ಫೆಬ್ರವರಿ ಒಂದು ವಾರ ರಜೆ ಹಾಕಿ ಹೋಗಿ ಬರುವವರು ಮುಂಬಯಿ, ಪುಣೆಯ ಕನ್ನಡಿಗರಲ್ಲೇ ನನಗೆ ಎಂಟು ಹತ್ತು ಮಂದಿ ಗೊತ್ತು. ವಾಪಸ್ ಬಂದ ಮೇಲೆ ಫೋಟೊ ಹಂಚುತ್ತೇವೆ, ತೊಡೆಯ ನೋವು ಇಳಿಯುತ್ತದೆ, ಮತ್ತೆ ಹನ್ನೊಂದು ತಿಂಗಳು ಹಿಮದ ಮಾತೇ ಇಲ್ಲ. ಈ ಲೇಖನ ಅಂಥವರಿಗೆ. ವರ್ಷಕ್ಕೆ ಏಳೇ ದಿನ ಹಿಮ ಮೆಟ್ಟುವವರಿಗೆ ಕಣ್ಣಿನ ಅಭ್ಯಾಸ ಬಹಳ ಕೆಲಸ ಮಾಡುತ್ತದೆ. ಇದನ್ನು ನಾನು ಎಂಟು ಋತು ನೋಡಿದ ಮೇಲೆ ಹೇಳುತ್ತಿದ್ದೇನೆ.

ಮೊದಲು ಗಡಿಯಾರ ಹೊಂದಿಸಿಕೊಳ್ಳಿ

ಯುರೋಪಿನ ಚಳಿಗಾಲದ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಸ್ಲಾಲಂ, ಜಯಂಟ್ ಸ್ಲಾಲಂ ಎಂಬ ತಿರುವಿನ ಸ್ಪರ್ಧೆಗಳು ಒಂದೊಂದೂ ಒಂದೇ ದಿನದಲ್ಲಿ ಎರಡು ಓಟವಾಗಿ ನಡೆಯುತ್ತವೆ. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಮೊದಲ ಓಟ, ಒಂದಕ್ಕೆ ಎರಡನೆಯದು ಎಂದಿದ್ದರೆ ನಮಗೆ ಎರಡೂವರೆ ಮತ್ತು ಐದೂವರೆ. ಊಟದ ನಂತರ ಒಂದು, ಸಂಜೆ ಕಾಫಿಯ ಜತೆ ಇನ್ನೊಂದು. ಅಮೆರಿಕದ ಅಭಿಮಾನಿಗಳು ನಸುಕಿನಲ್ಲಿ ಎದ್ದು ನೋಡುವುದನ್ನು ನಾವು ಬಿಸಿ ನೀರುಳ್ಳಿ ಬಜೆ ತಿನ್ನುತ್ತ ನೋಡಬಹುದು.

ಒಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಯುರೋಪಿನವರು ಅಕ್ಟೋಬರ್ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸೋಲ್ಡನ್‌ನ ಸ್ಪರ್ಧೆ ಸಾಮಾನ್ಯವಾಗಿ ಅದೇ ವಾರಾಂತ್ಯಕ್ಕೆ ಬೀಳುತ್ತದೆ. ಹಾಗಾಗಿ ಶನಿವಾರ ಹೆಂಗಸರ ಓಟಕ್ಕೆ ಮೂರೂವರೆ ಗಂಟೆ ಕೂಡಿಸಬೇಕು, ಭಾನುವಾರ ಗಂಡಸರ ಓಟಕ್ಕೆ ನಾಲ್ಕೂವರೆ. ನನ್ನ ಮೊದಲ ಋತುವಿನ ಶನಿವಾರ ನಾನು ಒಂದು ಗಂಟೆ ತಡವಾಗಿ ಕೂತೆ, ಮೊದಲ ಓಟದ ಮುಖ್ಯರೆಲ್ಲ ಇಳಿದು ಮುಗಿದಿತ್ತು.

ಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡಿ. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಊರಿನ ಹೆಸರು ಮತ್ತು ನಮ್ಮ ಸಮಯ ಬರೆದರೆ ಸಾಕು, ಮನೆಯವರಿಗೂ ಗೊತ್ತಾಗುತ್ತದೆ. ನವೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ಲೇವಿ. ಅಲ್ಲಿ ಗೆದ್ದವರಿಗೆ ಒಂದು ಹಿಮಸಾರಂಗ ಕೊಡುತ್ತಾರೆ, ಹೆಸರಿಡುವ ಹಕ್ಕು ಗೆದ್ದವರದು. ಡಿಸೆಂಬರ್‌ನಲ್ಲಿ ಅಮೆರಿಕದ ಬೀವರ್ ಕ್ರೀಕ್. ಅದಕ್ಕೆ ಹನ್ನೆರಡೂವರೆ ಗಂಟೆ ಕೂಡಿಸಬೇಕು, ಅಂದರೆ ರಾತ್ರಿ ಹನ್ನೊಂದು ದಾಟುತ್ತದೆ. ಆಮೇಲೆ ಫ್ರಾನ್ಸಿನ ವಾಲ್ ದಿಝೇರ್, ಇಟಲಿಯ ವಾಲ್ ಗಾರ್ಡೇನಾ, ಆಲ್ಟಾ ಬಾದಿಯಾ. ಜನವರಿ ಎಲ್ಲಕ್ಕಿಂತ ತುಂಬಿದ ತಿಂಗಳು: ಸ್ವಿಟ್ಜರ್‌ಲ್ಯಾಂಡಿನ ಆಡೆಲ್‌ಬೋಡನ್, ವೆಂಗನ್, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್, ಮತ್ತು ದೀಪದ ಬೆಳಕಿನಲ್ಲಿ ನಡೆಯುವ ಶ್ಲಾಡ್ಮಿಂಗ್. ಶ್ಲಾಡ್ಮಿಂಗ್‌ನ ಎರಡನೇ ಓಟ ನಮಗೆ ನಡುರಾತ್ರಿ ಕಳೆದ ಮೇಲೆ. ಮರುದಿನ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಮುಖ್ಯಾಂಶ ನೋಡಿದರೆ ಸಾಕು. ಫೆಬ್ರವರಿಯಲ್ಲಿ ಕೆಲವು ವರ್ಷ ವಿಶ್ವ ಚಾಂಪಿಯನ್‌ಷಿಪ್, ಕೆಲವು ವರ್ಷ ಒಲಿಂಪಿಕ್ಸ್. ಮಾರ್ಚ್‌ನಲ್ಲಿ ಅಂತಿಮ ಸ್ಪರ್ಧೆಗಳು.

ನೇರ ಪ್ರಸಾರದ ಹಕ್ಕು ಋತುವಿನಿಂದ ಋತುವಿಗೆ ಕೈ ಬದಲಾಗುತ್ತದೆ. ಅಕ್ಟೋಬರ್ ಮೊದಲ ವಾರದಲ್ಲೇ ಆ ವರ್ಷ ಯಾರು ತೋರಿಸುತ್ತಾರೆಂದು ಹುಡುಕಿಟ್ಟುಕೊಳ್ಳಿ. ಏನೂ ಸಿಗದಿದ್ದರೂ ಅಂತಾರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ, ಎಲ್ಲರೂ ಫಿಸ್ ಎನ್ನುವುದು ಅದನ್ನೇ, ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಮುಖ್ಯಾಂಶ ಹಾಕುತ್ತದೆ. ಅದರ ಲೈವ್ ಟೈಮಿಂಗ್ ಪುಟವಂತೂ ಕೈಯಲ್ಲಿ ಇರಲೇಬೇಕು.

ನಾಲ್ಕರಲ್ಲಿ ಒಂದರಿಂದ ಶುರು ಮಾಡಿ

ಆಲ್ಪೈನ್ ಸ್ಕೀಯಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಡೌನ್‌ಹಿಲ್ ಅತಿ ವೇಗದ್ದು, ಒಂದೇ ಓಟ. ಸೂಪರ್ ಜಿ ಅದಕ್ಕಿಂತ ಸ್ವಲ್ಪ ತಿರುವು ಜಾಸ್ತಿ, ಅದೂ ಒಂದೇ ಓಟ. ಜಯಂಟ್ ಸ್ಲಾಲಂ ಮತ್ತು ಸ್ಲಾಲಂ ಎರಡೆರಡು ಓಟದ ಸ್ಪರ್ಧೆಗಳು. ಸ್ಲಾಲಂನಲ್ಲಿ ಗೇಟುಗಳು, ಅಂದರೆ ದಾರಿ ಗುರುತಿಸಲು ಹಿಮದಲ್ಲಿ ನೆಟ್ಟ ಕೋಲುಗಳು, ಒತ್ತೊತ್ತಾಗಿರುತ್ತವೆ, ಆ ಕೋಲುಗಳನ್ನು ಮೊಣಕಾಲ ಕೆಳಗಿನ ಕವಚದಿಂದ, ಕೈಯಿಂದ ಹೊಡೆದು ಬೀಳಿಸುತ್ತ ಇಳಿಯುತ್ತಾರೆ.

ಹೊಸಬರಿಗೆ ಎಲ್ಲರೂ ಡೌನ್‌ಹಿಲ್ ತೋರಿಸುತ್ತಾರೆ. ನನ್ನ ಮಾತು ಕೇಳಿ, ಜಯಂಟ್ ಸ್ಲಾಲಂನಿಂದ ಶುರು ಮಾಡಿ. ಡೌನ್‌ಹಿಲ್‌ನ ವೇಗ ನಮ್ಮ ಅನುಭವದಲ್ಲಿ ಎಲ್ಲೂ ಇಲ್ಲ, ಹಾಗಾಗಿ ಬೆರಗು ಬಿಟ್ಟರೆ ಏನೂ ತಿಳಿಯುವುದಿಲ್ಲ. ಸ್ಲಾಲಂ ಕಣ್ಣಿಗೆ ನಿಲುಕದಷ್ಟು ಚುರುಕು. ಜಯಂಟ್ ಸ್ಲಾಲಂನ ತಿರುವು ಮಾತ್ರ ಗುಲ್ಮಾರ್ಗ್‌ನ ಕೊಂಗಡೂರಿಯಲ್ಲಿ ನೀವು ನಾವು ಅಗಲವಾಗಿ ಎಳೆಯುವ ತಿರುವಿನ ದೊಡ್ಡಣ್ಣ. ತಿರುವು ಎಲ್ಲಿ ಹುಟ್ಟಿತು, ಎಲ್ಲಿ ಮುಗಿಯಿತು ಎಂದು ಗುರುತಿಸುವಷ್ಟು ಸಮಯವೂ ಸಿಗುತ್ತದೆ. ನಿಮ್ಮ ಮೊಣಕಾಲಿಗೆ ಅದು ಅರ್ಥವಾಗುತ್ತದೆ.

ಸ್ಕೀ ಪಟ್ಟಿಯ ಅಳತೆ ಗೊತ್ತಿದ್ದರೆ ಇನ್ನೂ ಚೆನ್ನ. ನಮಗೆ ಬಾಡಿಗೆಗೆ ಕೊಡುವ ಸ್ಕೀ 160 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಅದನ್ನು ಅಂಚಿನ ಮೇಲೆ ನಿಲ್ಲಿಸಿದರೆ 13ರಿಂದ 16 ಮೀಟರ್ ತ್ರಿಜ್ಯದ ವೃತ್ತವನ್ನು ತಾನಾಗಿ ಕೊರೆಯುತ್ತದೆ. ವಿಶ್ವಕಪ್‌ನ ಜಯಂಟ್ ಸ್ಲಾಲಂನಲ್ಲಿ ಗಂಡಸರ ಸ್ಕೀ ಕನಿಷ್ಠ 193 ಸೆಂಟಿಮೀಟರ್, ಹೆಂಗಸರದು 188. ತ್ರಿಜ್ಯ ಕನಿಷ್ಠ 30 ಮೀಟರ್. ಅಷ್ಟು ನೇರವಾದ, ಬಿರುಸಾದ ಪಟ್ಟಿ ಗೇಟಿನ ಸುತ್ತ ತಿರುಗಬೇಕಾದರೆ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಬೇಕು. ಅವರ ಸೊಂಟ ಹಿಮಕ್ಕೆ ತಾಗುವಷ್ಟು ವಾಲುವುದು ಚೆಂದಕ್ಕಲ್ಲ, ಆ ಪಟ್ಟಿಯನ್ನು ಬಗ್ಗಿಸಲು. ಇದೊಂದು ವಿಷಯ ತಿಳಿದ ದಿನ ನಾನು ನೋಡುವ ರೀತಿಯೇ ಬದಲಾಯಿತು.

ಅಂಕಿಗಳ ಪರದೆ

ಡೊಂಬಿವಿಲಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಊರಿಗೆ ಹೋದಾಗ ಒಂದು ಕಂಬಳವನ್ನೂ ತಪ್ಪಿಸುವವರಲ್ಲ. ಅಲ್ಲಿ ಕೋಣಗಳು ಓಡುವ ಕೆಸರಿನ ದಾರಿಗೆ ಕರೆ ಎನ್ನುತ್ತಾರೆ. ಒಂದು ಭಾನುವಾರ ನಮ್ಮಲ್ಲಿಗೆ ಬಂದಿದ್ದಾಗ ಪರದೆ ನೋಡಿ ಕೇಳಿದರು:

"ಒಬ್ಬೊಬ್ಬನೇ ಬಂದ್ರೆ ಇದೆಂಥ ಪಂಥ ಮಾರಾಯ? ಪಕ್ಕದ ಕರೆಯಲ್ಲಿ ಇನ್ನೊಬ್ಬ ಬೇಡ್ವಾ?"

"ಪಕ್ಕದ ಕರೆಯಲ್ಲಿ ಗಡಿಯಾರ ಓಡ್ತಾ ಉಂಟು ಮಾವ. ಅಲ್ಲಿ ಮೂಲೆಯಲ್ಲಿ ನೋಡಿ."

ಆ ಮೂಲೆಯೇ ಸ್ಪರ್ಧೆ. ದಾರಿಯಲ್ಲಿ ಮೂರೋ ನಾಲ್ಕೋ ಕಡೆ ನಡುಸಮಯ ಅಳೆಯುತ್ತಾರೆ. ಆ ತನಕ ಮುಂದಿರುವವರಿಗಿಂತ ಬೇಗ ಬಂದರೆ ಅಂಕಿ ಹಸಿರು, ತಡವಾದರೆ ಕೆಂಪು. ಎಲ್ಲ ಲೆಕ್ಕ ಸೆಕೆಂಡಿನ ನೂರನೇ ಭಾಗದಲ್ಲಿ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್; ಆ ವೇಗದಲ್ಲಿ ನೂರನೇ ಒಂದು ಸೆಕೆಂಡಿಗೆ 20 ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಗೇಣು. ಎರಡು ಓಟ ಸೇರಿ ಎರಡು ನಿಮಿಷ ಇಳಿದು ಒಂದು ಗೇಣಿನಲ್ಲಿ ಸೋಲುವವರಿದ್ದಾರೆ. ಮಾವನಿಗೆ ಗೇಣಿನ ಲೆಕ್ಕ ಹೇಳಿದ ಮೇಲೆ ಅವರು ಎದ್ದು ಹೋಗಲಿಲ್ಲ, ಐದೂವರೆಯ ಎರಡನೇ ಓಟಕ್ಕೂ ಕೂತರು.

ಹೊರಡುವ ಕ್ರಮಕ್ಕೂ ಒಂದು ನ್ಯಾಯವಿದೆ. ಜಯಂಟ್ ಸ್ಲಾಲಂ, ಸ್ಲಾಲಂಗಳಲ್ಲಿ ರ‍್ಯಾಂಕ್ ಪಟ್ಟಿಯ ಮೊದಲ ಏಳು ಮಂದಿಗೆ ಒಂದರಿಂದ ಏಳರವರೆಗಿನ ಬಿಬ್ ಚೀಟಿ ಎತ್ತಿ ಹಂಚುತ್ತಾರೆ, ಮುಂದಿನವರಿಗೆ 8ರಿಂದ 15. ಆಮೇಲೆ ಉಳಿದವರು ರ‍್ಯಾಂಕಿನ ಪ್ರಕಾರ. ಪ್ರತಿಯೊಬ್ಬರು ಇಳಿದಂತೆ ದಾರಿ ಕೊರೆದುಕೊಳ್ಳುತ್ತದೆ, ಗೇಟಿನ ಬಳಿ ಗುಂಡಿ ಬೀಳುತ್ತದೆ. 45ನೇ ಬಿಬ್‌ನವನು ಇಳಿಯುವುದು ಒಂದನೇ ಬಿಬ್‌ನವನು ಇಳಿದ ದಾರಿಯಲ್ಲವೇ ಅಲ್ಲ. ಮೊದಲ ಓಟದಲ್ಲಿ ಅಗ್ರ 30ರೊಳಗೆ ಬಂದವರಿಗೆ ಮಾತ್ರ ಎರಡನೇ ಓಟ, ಅದೂ ತಲೆಕೆಳಗಾದ ಕ್ರಮದಲ್ಲಿ: ಮೂವತ್ತನೆಯವರು ಮೊದಲು, ಮುಂದಿದ್ದವರು ಕೊನೆಗೆ. ಹಾಗಾಗಿ ಎರಡನೇ ಓಟದಲ್ಲಿ ಬಿಗುವು ಏರುತ್ತಲೇ ಹೋಗುತ್ತದೆ. ನನ್ನನ್ನು ಕೇಳಿದರೆ ಮೊದಲ ಓಟದ ಕೊನೆಯ ಭಾಗವನ್ನೂ ಬಿಡಬೇಡಿ. ಟೀವಿಯವರು ಆ ಹೊತ್ತಿಗೆ ಜಾಹೀರಾತು ಹಾಕುತ್ತಾರೆ, ಆದರೆ ಲೈವ್ ಟೈಮಿಂಗ್ ಓಡುತ್ತಲೇ ಇರುತ್ತದೆ. 50ರ ಮೇಲಿನ ಬಿಬ್ ತೊಟ್ಟ ಯಾರೋ ಹಾಳಾದ ದಾರಿಯಲ್ಲಿ ಬಂದು 28ನೇ ಸ್ಥಾನಕ್ಕೆ ಏರಿದಾಗ ಆಗುವ ಸಂತೋಷ ಗೆದ್ದವರನ್ನು ನೋಡುವ ಸಂತೋಷಕ್ಕಿಂತ ನನಗೆ ದೊಡ್ಡದು.

ಅಂಕಗಳು ಹೀಗೆ: ಗೆದ್ದವರಿಗೆ 100, ಎರಡನೆಯವರಿಗೆ 80, ಮೂರನೆಯವರಿಗೆ 60, ಆಮೇಲೆ 50, 45, 40 ಎಂದು ಇಳಿಯುತ್ತ ಮೂವತ್ತನೆಯವರಿಗೆ 1. ಋತುವಿಡೀ ಕೂಡಿದ ಅಂಕದ ಮೇಲೆ ಪ್ರತಿ ಬಗೆಗೂ ಒಂದು ಸಣ್ಣ ಹರಳಿನ ಗೋಲ, ಎಲ್ಲ ಸೇರಿ ಒಂದು ದೊಡ್ಡ ಗೋಲ. ಕೆಂಪು ಬಿಬ್ ತೊಟ್ಟವರು ಆ ಬಗೆಯಲ್ಲಿ ಆಗ ಮುಂದಿರುವವರು.

ಲೈವ್ ಟೈಮಿಂಗ್‌ಗೆ ಡೇಟಾ ಬಹಳ ಕಡಿಮೆ ಸಾಕು. ವಾರದ ನಡುವೆ ಓಟವಿದ್ದಾಗ ಸಂಜೆಯ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಾನು ಎಷ್ಟೋ ಎರಡನೇ ಓಟಗಳನ್ನು ಬರೀ ಅಂಕಿಯಲ್ಲೇ ನೋಡಿದ್ದೇನೆ. ಮೇಲಿನ ಭಾಗದಲ್ಲಿ ಹಸಿರು, ನಡುವೆ ಕೆಂಪು, ಕೊನೆಗೆ ಮತ್ತೆ ಹಸಿರು ಬಂದರೆ ಮಧ್ಯದ ಕಡಿದಾದ ಕಡೆ ಏನೋ ಜಾರಿತು, ಚಪ್ಪಟೆಯಲ್ಲಿ ಸ್ಕೀ ಚೆನ್ನಾಗಿ ಓಡಿತು ಎಂದು ಊಹಿಸುತ್ತೇನೆ. ರಾತ್ರಿ ವಿಡಿಯೊ ನೋಡಿ ತಾಳೆ ಹಾಕುತ್ತೇನೆ. ಒಳ್ಳೆಯ ಅಭ್ಯಾಸ ಇದು, ನೀವೂ ಮಾಡಿ.

ಒಂದೇ ತಿರುವನ್ನು ನೋಡಿ

ಇಡೀ ಓಟವನ್ನು ಒಟ್ಟಿಗೆ ನೋಡಲು ಹೋದರೆ ಬಣ್ಣ, ವೇಗ, ಕೂಗು ಅಷ್ಟೇ ಉಳಿಯುತ್ತದೆ. ಬದಲಿಗೆ ಒಂದು ಗೇಟನ್ನು ಆರಿಸಿಕೊಳ್ಳಿ. ಕ್ಯಾಮೆರಾ ಪ್ರತಿಯೊಬ್ಬರನ್ನೂ ಒಂದೇ ಕೋನದಿಂದ ತೋರಿಸುವ ಜಾಗ ಒಂದಾದರೂ ಇರುತ್ತದೆ. ಸಾಧಾರಣವಾಗಿ ಕಡಿದಾದ ಭಾಗ ಶುರುವಾಗುವ ಅಂಚಿನಲ್ಲಿ. ಆ ಗೇಟಿಗೆ ಬರುವವರನ್ನು ಮಾತ್ರ ನೋಡಿ, ಹತ್ತು ಮಂದಿಯನ್ನು.

ಮೊದಲು ಹೊರಗಾಲು. ಎಡಕ್ಕೆ ತಿರುಗುವಾಗ ಬಲಗಾಲು, ಬಲಕ್ಕೆ ತಿರುಗುವಾಗ ಎಡಗಾಲು. ನಮಗೆ ಕಲಿಸಿದವರೆಲ್ಲ ಅದನ್ನೇ ಕೂಗಿ ಕೂಗಿ ಹೇಳಿದ್ದಾರೆ, ಮೈಭಾರ ಹೊರಗಾಲಿನ ಮೇಲೆ ಇರಲಿ ಎಂದು. ನಿಧಾನಗತಿಯಲ್ಲಿ ನೋಡಿದರೆ ಅವರ ಹೊರಗಾಲು ಉದ್ದಕ್ಕೆ ಚಾಚಿರುತ್ತದೆ, ಒಳಗಾಲು ಎದೆಯ ಹತ್ತಿರಕ್ಕೆ ಮಡಚಿರುತ್ತದೆ. ಒಳಗಾಲಿನ ಮೇಲೆ ಭಾರ ಬಿದ್ದ ಕ್ಷಣ ಸೊಂಟ ಕುಸಿಯುತ್ತದೆ. ಜಾರಿ ಬೀಳುವವರಲ್ಲಿ ಬಹಳ ಮಂದಿ ಬೀಳುವುದು ಹಾಗೆಯೇ.

ಆಮೇಲೆ ತಿರುವು ಎಲ್ಲಿ ಶುರುವಾಯಿತು ಎನ್ನುವುದು. ಹೊಸಬರಿಗೆ ಗೇಟಿನ ಹತ್ತಿರ ಬಂದು ತಿರುಗುತ್ತಾರೆ ಅನಿಸುತ್ತದೆ. ಹಾಗಲ್ಲ. ಗೇಟಿಗಿಂತ ಎಷ್ಟೋ ಮೇಲೆಯೇ ಅಂಚು ಹಿಡಿದು ಒತ್ತಡ ಶುರು ಮಾಡಿರುತ್ತಾರೆ, ಗೇಟಿನ ಬಳಿ ಬರುವಷ್ಟರಲ್ಲಿ ತಿರುವಿನ ಹೆಚ್ಚಿನ ಕೆಲಸ ಆಗಿಹೋಗಿರುತ್ತದೆ. ತಡವಾಗಿ ಶುರು ಮಾಡಿದವರು ಗೇಟಿನ ಕೆಳಗೆ ಒತ್ತಬೇಕಾಗುತ್ತದೆ, ಸ್ಕೀ ಅಡ್ಡ ಜಾರುತ್ತದೆ, ಹಿಮ ಬೀಸಣಿಗೆಯಂತೆ ಚಿಮ್ಮುತ್ತದೆ. ಚಿಮ್ಮುವ ಹಿಮ ಕಣ್ಣಿಗೆ ಹಬ್ಬ, ಗಡಿಯಾರಕ್ಕೆ ನಷ್ಟ. ಗೇಟಿನ ಕೆಳಗೆ ಹಿಮ ಕಮ್ಮಿ ಚಿಮ್ಮಿಸಿದವರು ಯಾರೆಂದು ಗಮನಿಸಿ, ನಡುಸಮಯ ಬರುವ ಮೊದಲೇ ಹಸಿರೋ ಕೆಂಪೋ ಎಂದು ಜೋರಾಗಿ ಹೇಳಿ. ನಮ್ಮ ಮನೆಯಲ್ಲಿ ಮಗಳು ಮತ್ತು ನಾನು ಆಡುವ ಆಟ ಇದು. ಈಗ ಅವಳದೇ ಹೆಚ್ಚು ಸರಿ ಬರುತ್ತದೆ.

ಕಿವಿಯನ್ನೂ ಕೊಡಿ. ಕೊರೆಯುವ ಸ್ಕೀ ಸದ್ದು ಸಣ್ಣದು, ಒಂದೇ ಎಳೆಯದು. ಜಾರುವ ಸ್ಕೀ ಕರಕರ ಎಂದು ಕೆರೆಯುತ್ತದೆ. ಯಾಕೆಂದರೆ ಅವರ ಕಾಲಡಿಯಲ್ಲಿರುವುದು ಗುಲ್ಮಾರ್ಗ್‌ನ ಪುಡಿಹಿಮವಲ್ಲ. ಸ್ಪರ್ಧೆಯ ದಾರಿಗೆ ಬೇಕೆಂದೇ ನೀರು ಚುಚ್ಚುತ್ತಾರೆ, ಸಾಲು ನಳಿಕೆಗಳ ಪೈಪನ್ನು ಹಿಮದೊಳಗೆ ಒತ್ತಿ. ರಾತ್ರಿ ಅದು ಕಲ್ಲಾಗುತ್ತದೆ. ದಾರಿ ಗಟ್ಟಿ ಇದ್ದಷ್ಟೂ ಮೊದಲು ಇಳಿದವರಿಗೂ ಕೊನೆಗೆ ಇಳಿದವರಿಗೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ ಎನ್ನುವುದು ಅದರ ಹಿಂದಿನ ನ್ಯಾಯ. ಬಿಸಿಲೇರಿ ಮೆತ್ತಗಾದರೆ ಉಪ್ಪು ಹಾಕಿ ಗಟ್ಟಿ ಮಾಡುತ್ತಾರೆ. ಇಳಿಜಾರಿನ ಮೇಲೆ ಕಾಣುವ ನೀಲಿ ಗೆರೆಗಳು ಬಣ್ಣದ ನೀರು. ಮಬ್ಬು ಬೆಳಕಿನಲ್ಲಿ ಉಬ್ಬು ತಗ್ಗು ಕಾಣಲಿ ಎಂದು ಸಿಂಪಡಿಸುವುದು.

ಇನ್ನೊಂದು ಎಚ್ಚರಿಕೆ: ಕ್ಯಾಮೆರಾ ಇಳಿಜಾರನ್ನು ಚಪ್ಪಟೆ ಮಾಡುತ್ತದೆ. ಪರದೆಯಲ್ಲಿ ಸಾಧಾರಣವಾಗಿ ಕಾಣುವ ಇಳಿಜಾರಿನ ಮೇಲೆ ನಮಗೆ ನಿಲ್ಲಲೂ ಆಗುವುದಿಲ್ಲ. ಕಡಿದು ಎಷ್ಟೆಂದು ತಿಳಿಯಬೇಕಾದರೆ ಬದಿಯಲ್ಲಿ ನಿಂತ ಕೆಲಸಗಾರರನ್ನು ನೋಡಿ, ಅವರು ಅಂಚು ಕಚ್ಚಿಸಿ ಹೇಗೆ ಓರೆಯಾಗಿ ನಿಂತಿದ್ದಾರೆ ಎನ್ನುವುದನ್ನು. ಅಥವಾ ಮರಗಳನ್ನು ನೋಡಿ. ಮರ ನೇರ ನಿಂತಿರುತ್ತದೆ, ನೆಲದ ಓರೆ ಅದರ ಬುಡದಲ್ಲಿ ಗೊತ್ತಾಗುತ್ತದೆ.

ಹೊರಡುವ ಮನೆಯನ್ನು ತೋರಿಸುವಾಗಲೂ ಕಣ್ಣು ತೆಗೆಯಬೇಡಿ. ಸ್ಪರ್ಧಿಗಳು ಕಣ್ಣು ಮುಚ್ಚಿ ಅಂಗೈಯನ್ನು ಎಡಕ್ಕೆ ಬಲಕ್ಕೆ ಓರೆ ಮಾಡುತ್ತ ತೂಗುತ್ತಿರುತ್ತಾರೆ. ಬೆಳಿಗ್ಗೆ ಗೇಟುಗಳ ಪಕ್ಕದಲ್ಲಿ ನಿಧಾನಕ್ಕೆ ಜಾರಿ ಬರಲು ಅವರಿಗೆ ಅವಕಾಶ ಇರುತ್ತದೆ, ಗೇಟುಗಳ ನಡುವೆ ಓಡಿ ನೋಡಲು ಇಲ್ಲ. ಹಾಗೆ ನೋಡಿದ್ದನ್ನೆಲ್ಲ ಪಾಠ ಮಾಡಿಕೊಂಡು ಮನಸ್ಸಿನಲ್ಲೇ ಒಮ್ಮೆ ಇಳಿದು ಆಮೇಲೆ ಹೊರಡುತ್ತಾರೆ. ನಾನೂ ಈಗ ಗುಲ್ಮಾರ್ಗ್‌ನಲ್ಲಿ ಪ್ರತಿ ಇಳಿತದ ಮೊದಲು ಮೂರು ತಿರುವನ್ನು ಕಣ್ಣು ಮುಚ್ಚಿ ಎಣಿಸುತ್ತೇನೆ.

ಯಾರ ಬೆನ್ನು ಹಿಡಿಯಬೇಕು

ಇಬ್ಬರನ್ನು ಆರಿಸಿಕೊಳ್ಳಿ. ಒಬ್ಬರು ಶಿಖರದಲ್ಲಿರುವವರು, ಇನ್ನೊಬ್ಬರು ಹಿಮದ ಹೆಸರಿಲ್ಲದ ಕಡೆಯಿಂದ ಬಂದವರು.

ಶಿಖರದವರಲ್ಲಿ ಅಮೆರಿಕದ ಮಿಕೇಲಾ ಶಿಫ್ರಿನ್ ಅವರಿಂದ ಶುರು ಮಾಡಿದರೆ ಕಲಿಯುವುದು ಬಹಳ. ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರ 86 ವಿಶ್ವಕಪ್ ಗೆಲುವುಗಳ ದಾಖಲೆ ದಶಕಗಟ್ಟಲೆ ನಿಂತಿತ್ತು, ಅಷ್ಟೂ ಸ್ಲಾಲಂ ಮತ್ತು ಜಯಂಟ್ ಸ್ಲಾಲಂನಲ್ಲೇ ಬಂದದ್ದು. 2023ರ ಮಾರ್ಚ್‌ನಲ್ಲಿ ಸ್ವೀಡನ್ನಿನದೇ ಓರೆ ಎಂಬಲ್ಲಿ ಶಿಫ್ರಿನ್ 87ನೆಯದನ್ನು ಗೆದ್ದರು. 2024ರ ನವೆಂಬರ್‌ನಲ್ಲಿ ಅಮೆರಿಕದ ಕಿಲ್ಲಿಂಗ್ಟನ್‌ನಲ್ಲಿ ನೂರನೇ ಗೆಲುವಿಗಾಗಿ ಇಳಿಯುವಾಗ, ಮೊದಲ ಓಟದಲ್ಲಿ ಮುಂದಿದ್ದವರು, ಎರಡನೇ ಓಟದಲ್ಲಿ ಬಿದ್ದು ಹೊಟ್ಟೆಗೆ ಆಳವಾದ ಗಾಯ ಮಾಡಿಕೊಂಡರು. 2025ರ ಫೆಬ್ರವರಿಯಲ್ಲಿ ಇಟಲಿಯ ಸೆಸ್ಟ್ರಿಯೇರ್‌ನ ಸ್ಲಾಲಂನಲ್ಲಿ ಆ ನೂರು ಬಂತು. ಅವರ ಮೈಯ ಮೇಲ್ಭಾಗ ನೋಡಿ: ಕೆಳಗೆ ಕಾಲುಗಳು ಎಷ್ಟೇ ಕುಣಿಯಲಿ, ಭುಜಗಳು ಇಳಿಜಾರಿನ ಕಡೆಗೇ ಮುಖ ಮಾಡಿ ಶಾಂತವಾಗಿರುತ್ತವೆ. ಗಂಡಸರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಮಾರ್ಕೊ ಓಡರ್ಮಾಟ್; 2022ರಿಂದ 2025ರವರೆಗೆ ಸತತ ನಾಲ್ಕು ಸಲ ದೊಡ್ಡ ಗೋಲ ಅವರದೇ. ಓಸ್ಲೋದಲ್ಲಿ ಹುಟ್ಟಿ ತಾಯಿಯ ನಾಡು ಬ್ರೆಜಿಲ್ ಪರ ಇಳಿಯುವ ಲೂಕಾಸ್ ಪಿನ್ಹೇರೊ ಬ್ರಾಥೆನ್ 2024ರ ಡಿಸೆಂಬರ್‌ನಲ್ಲಿ ಬೀವರ್ ಕ್ರೀಕ್‌ನ ಜಯಂಟ್ ಸ್ಲಾಲಂನಲ್ಲಿ ಎರಡನೆಯವರಾದಾಗ ವಿಶ್ವಕಪ್ ಆಲ್ಪೈನ್‌ನ ಪದಕ ವೇದಿಕೆಯಲ್ಲಿ ಮೊದಲ ಬಾರಿಗೆ ಬ್ರೆಜಿಲ್ ಬಾವುಟ ಕಂಡಿತು.

ನಮ್ಮವರನ್ನು ಹಿಂಬಾಲಿಸುವುದು ಬೇರೆಯೇ ಅನುಭವ. ಗುಲ್ಮಾರ್ಗ್ ಇಳಿಜಾರಿನಲ್ಲೇ ಬೆಳೆದ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಸ್ಪರ್ಧಿ. ಅರ್ಹತೆಯ ಅಂಕಗಳಿಗಾಗಿ ಅವರು ಇಳಿದ ಜಾಗಗಳಲ್ಲಿ ದುಬೈನ ಮಾಲ್ ಒಳಗಿನ, 400 ಮೀಟರ್ ಉದ್ದದ ಇಳಿಜಾರೂ ಒಂದು. ನಮ್ಮ ಮುಂಬಯಿಯಿಂದ ಮೂರು ಗಂಟೆ ಹಾರಾಟದ ದೂರ. ಬೀಜಿಂಗ್‌ನಲ್ಲಿ ಜಯಂಟ್ ಸ್ಲಾಲಂ ದಿನ ಹಿಮ ಸುರಿಯುತ್ತಿತ್ತು, ಎದುರಿನ ಗೇಟು ಕಾಣದಷ್ಟು. ಹೊರಟವರಲ್ಲಿ ಬಹಳ ಮಂದಿ ಮುಗಿಸಲೇ ಇಲ್ಲ. ಆರಿಫ್ ಎರಡೂ ಓಟ ಮುಗಿಸಿ 45ನೆಯವರಾದರು. ಚಿನ್ನ ಗೆದ್ದದ್ದು ಓಡರ್ಮಾಟ್. ಒಂದೇ ದಾರಿ, ಒಂದೇ ಸುರಿಹಿಮ. ಮನಾಲಿ ಬಳಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಸ್ಲಾಲಂ ಕಂಚು ಗೆದ್ದರು, ಅಂತಾರಾಷ್ಟ್ರೀಯ ಸ್ಕೀ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಪದಕ. ಇನ್ನೂ ಹಿಂದಕ್ಕೆ ಹೋದರೆ, 1964ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಜೆರೆಮಿ ಬುಜಾಕೋವ್ಸ್ಕಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಸ್ಪರ್ಧಿಯಾಗಿ ಇಳಿದಿದ್ದರು.

ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ನಮ್ಮ ಕನ್ನಡಿಗರ ಮನೆಗಳಲ್ಲಿ ಗೊತ್ತಿರಲೇಬೇಕು. ಅವರದು ಇಳಿಜಾರಿನ ಸ್ಕೀ ಅಲ್ಲ, ಕ್ರಾಸ್ ಕಂಟ್ರಿ. ಹಿಮ್ಮಡಿ ಮೇಲೇಳುವ ಹಗುರ ಸ್ಕೀ ಕಟ್ಟಿಕೊಂಡು ಕಿಲೋಮೀಟರುಗಟ್ಟಲೆ ಹತ್ತಿ ಇಳಿಯುವುದು. 2025ರಲ್ಲಿ ಚಿಲಿಯಲ್ಲಿ 5 ಕಿಲೋಮೀಟರ್ ಓಟದಲ್ಲಿ ಕಂಚು ತಂದರು. ಕಾಫಿ ತೋಟದ ನಾಡಿನ ಹುಡುಗಿ.

ಫಿಸ್ ತಾಣದಲ್ಲಿ ಪ್ರತಿ ಸ್ಪರ್ಧಿಗೂ ಒಂದು ಪುಟವಿದೆ, ಇಳಿದ ಪ್ರತಿಯೊಂದು ಓಟ ಅದರಲ್ಲಿ ಬರುತ್ತದೆ. ಅಲ್ಲಿ ಕಾಣುವ ಫಿಸ್ ಪಾಯಿಂಟ್ ವಿಶ್ವಕಪ್ ಅಂಕದ ಹಾಗಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು, ಸೊನ್ನೆ ಅಂದರೆ ಜಗತ್ತಿನ ಅಗ್ರಮಟ್ಟ. ನಮ್ಮವರೊಬ್ಬರ ಪುಟವನ್ನು ತಿಂಗಳಿಗೊಮ್ಮೆ ನೋಡಿ. ಟೀವಿಗೆ ಬಾರದ ಸಣ್ಣ ಸಣ್ಣ ಓಟಗಳಲ್ಲಿ ಆ ಅಂಕಿಯನ್ನು ಇಳಿಸಲು ಎಷ್ಟು ಊರು ಅಲೆಯುತ್ತಾರೆ ಎನ್ನುವುದು ಆಗ ಗೊತ್ತಾಗುತ್ತದೆ.

ಜನವರಿಯಲ್ಲಿ ಡೌನ್‌ಹಿಲ್

ಎರಡು ತಿಂಗಳು ಹೀಗೆ ಕಣ್ಣು ಪಳಗಿದ ಮೇಲೆ ಡೌನ್‌ಹಿಲ್‌ಗೆ ಬನ್ನಿ. ವೆಂಗನ್‌ನ ಲೌಬರ್‌ಹಾರ್ನ್ ವಿಶ್ವಕಪ್‌ನಲ್ಲೇ ಉದ್ದದ ದಾರಿ, ಸುಮಾರು ನಾಲ್ಕೂವರೆ ಕಿಲೋಮೀಟರ್, ಎರಡೂವರೆ ನಿಮಿಷ. 2013ರಲ್ಲಿ ಫ್ರಾನ್ಸಿನ ಜೊಹಾನ್ ಕ್ಲಾರೆ ಅಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದ್ದರು. ಅಲ್ಲಿ ಕೊನೆಯ ಅರ್ಧ ನಿಮಿಷ ನೋಡಿ, ತೊಡೆಗಳು ಸೋತು ಮೈ ತಗ್ಗಿಸಿ ಕೂರಲಾಗದೆ ಮೇಲೇಳುವುದನ್ನು.

ಕಿಟ್ಸ್‌ಬ್ಯೂಲ್‌ನ ಷ್ಟ್ರೈಫ್ ಗಿಡ್ಡ, ಆದರೆ ಕಟು. ಸುಮಾರು 3.3 ಕಿಲೋಮೀಟರ್ ದಾರಿ. 1997ರಲ್ಲಿ ಫ್ರಿಟ್ಸ್ ಸ್ಟ್ರೋಬ್ಲ್ ಇಳಿದ 1 ನಿಮಿಷ 51.58 ಸೆಕೆಂಡಿನ ದಾಖಲೆ ಇವತ್ತಿಗೂ ಜನ ನೆನೆಯುತ್ತಾರೆ. ಹೊರಟ ಕೆಲವೇ ಸೆಕೆಂಡಿಗೆ ಮೌಸ್‌ಫಾಲೆ, ಇಲಿಬೋನು ಎಂದರ್ಥ, 85 ಶೇಕಡಾ ಇಳಿಜಾರಿಗೆ ಗಾಳಿಯಲ್ಲಿ ಹಾರುವ ಜಾಗ. ಗಂಡಸರ ಡೌನ್‌ಹಿಲ್ ಸ್ಕೀ ಕನಿಷ್ಠ 218 ಸೆಂಟಿಮೀಟರ್, ಆಳೆತ್ತರಕ್ಕಿಂತ ಉದ್ದ.

ಬೀಳುವ ದೃಶ್ಯಗಳನ್ನೇ ಪೋಣಿಸಿದ ವಿಡಿಯೊಗಳು ಬಹಳ ಓಡಾಡುತ್ತವೆ. ದಯವಿಟ್ಟು ಅವುಗಳಿಂದ ಈ ಆಟವನ್ನು ಕಲಿಯಬೇಡಿ, ಮಕ್ಕಳಿಗೂ ತೋರಿಸಬೇಡಿ. 2024ರ ಜನವರಿಯಲ್ಲಿ ವೆಂಗನ್‌ನಲ್ಲಿ ಬಿದ್ದ ನಾರ್ವೆಯ ಅಲೆಕ್ಸಾಂಡರ್ ಓಮಟ್ ಕಿಲ್ಡೆ ಮತ್ತೆ ಸ್ಪರ್ಧೆಗೆ ಇಳಿಯಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. 2024–25ರ ಋತುವಿನಿಂದ ಡೌನ್‌ಹಿಲ್, ಸೂಪರ್ ಜಿ ಎರಡರಲ್ಲೂ ಉಡುಪಿನೊಳಗೆ ಗಾಳಿಚೀಲ ಕಡ್ಡಾಯವಾಗಿದೆ.

ನಿಮ್ಮ ಹಿಮಕ್ಕೆ ತರುವಾಗ

ನನ್ನ ಎರಡನೇ ವರ್ಷ. ಋತುವಿಡೀ ಓಡರ್ಮಾಟ್ ಅವರನ್ನು ನೋಡಿ ಗುಲ್ಮಾರ್ಗ್‌ಗೆ ಹೋದೆ. ಮೂರನೇ ದಿನ, ಚೆನ್ನಾಗಿ ಹದ ಮಾಡಿದ ಇಳಿಜಾರಿನಲ್ಲಿ, ಅವರ ಹಾಗೆ ಸೊಂಟವನ್ನು ಹಿಮದ ಕಡೆಗೆ ವಾಲಿಸಿದೆ. ಅವರನ್ನು ಹಾಗೆ ಎತ್ತಿಹಿಡಿಯುವುದು ವೇಗ. ನನ್ನಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಒಳಪಕ್ಕಕ್ಕೆ ಬಿದ್ದೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಚ್ಚಿಕೊಳ್ಳುವ ಮೊದಲೇ ಮೊಣಕಾಲು ತಿರುಚಿತು. ಎರಡು ತಿಂಗಳು ಮುಲುಂಡ್ ಸ್ಟೇಷನ್ನಿನ ಮೆಟ್ಟಿಲನ್ನು ಒಂದೊಂದಾಗಿ ಇಳಿದೆ.

ಅಲ್ಲಿಂದ ನಾನು ಪಾಲಿಸುವ ಕ್ರಮ ಇದು. ಒಂದು ವರ್ಷಕ್ಕೆ ಒಂದೇ ವಿಷಯ. ಮೊದಲ ವರ್ಷ ಹೊರಗಾಲು ಮಾತ್ರ: ತಿರುವಿನ ನಡುವೆ ಒಳಗಾಲಿನ ಹಿಮ್ಮಡಿಯನ್ನು ಒಂದು ಬೆರಳಿನಷ್ಟು ಎತ್ತಿ ನೋಡಿ, ಎತ್ತಲು ಬಂದರೆ ಭಾರ ಸರಿಯಾದ ಕಡೆ ಇದೆ. ಮುಂದಿನ ವರ್ಷ ತಿರುವನ್ನು ಬೇಗ ಶುರು ಮಾಡುವುದು. ಅದರ ಮುಂದಿನ ವರ್ಷ ಭುಜ. ಇದನ್ನೆಲ್ಲ ನಿಮಗೆ ಬೇಸರ ಬರುವಷ್ಟು ಸುಲಭದ ಇಳಿಜಾರಿನಲ್ಲಿ ಮಾಡಿ. ಗೇಟುಗಳನ್ನು ತರಬೇತುದಾರರೊಂದಿಗೇ ಪ್ರಯತ್ನಿಸಿ, ಕೇಳಿದರೆ ಕುಳ್ಳ ಕೋಲುಗಳನ್ನು ನೆಟ್ಟು ಕೊಡುತ್ತಾರೆ. ರೇಸಿಂಗ್ ಸ್ಕೀ ಬಾಡಿಗೆಗೆ ಸಿಕ್ಕರೂ ತೆಗೆದುಕೊಳ್ಳಬೇಡಿ. ಹಾಗೆಯೇ ಗೊಂಡೊಲ ಎನ್ನುವ ತಂತಿದಾರಿಯ ಎರಡನೇ ಹಂತಕ್ಕೆ, ಅಫರ್ವಾತ್ ಕಡೆಗೆ, ಹೋಗಬೇಡಿ. ಅದು ಹದ ಮಾಡಿದ ದಾರಿಯಲ್ಲ, ಹಿಮಕುಸಿತದ ಜಾಗ. ಟೀವಿಯಲ್ಲಿ ಕಂಡ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ರಜೆ ಖೇಲೊ ಇಂಡಿಯಾ ಚಳಿಗಾಲದ ಕ್ರೀಡೆಗಳ ದಿನಗಳಿಗೆ ಹೊಂದಿದರೆ ಬಿಡಬೇಡಿ. 2020ರಿಂದ ಗುಲ್ಮಾರ್ಗ್‌ನಲ್ಲಿ ನಡೆಯುತ್ತಿದೆ. ಬದಿಯಲ್ಲಿ ನಿಂತು ನಮ್ಮದೇ ಹುಡುಗ ಹುಡುಗಿಯರು ಜಯಂಟ್ ಸ್ಲಾಲಂ ಇಳಿಯುವುದನ್ನು ನೋಡಬಹುದು. ಗೇಟನ್ನು ತೊಡೆಯಿಂದ ಹೊಡೆದು ಹೋಗುವ ಸದ್ದು ಟೀವಿಯಲ್ಲಿ ಕೇಳುವುದಕ್ಕಿಂತ ಎಷ್ಟೋ ದೊಡ್ಡದು.

ಯುರೋಪಿಗೇ ಹೋಗಿ ಒಂದು ಓಟ ನೋಡುವ ಆಸೆ ಇದ್ದರೆ ನಾನು ಆಡೆಲ್‌ಬೋಡನ್ ಎನ್ನುತ್ತೇನೆ. ಮುಂಬಯಿಯಿಂದ ಜ್ಯೂರಿಕ್‌ಗೆ ನೇರ ವಿಮಾನವಿದೆ, ಅಲ್ಲಿಂದ ರೈಲಿನಲ್ಲಿ ಫ್ರುಟಿಗನ್, ಮುಂದಕ್ಕೆ ಬಸ್ಸು. ಶನಿವಾರ ಜಯಂಟ್ ಸ್ಲಾಲಂ, ಭಾನುವಾರ ಸ್ಲಾಲಂ ಇರುವುದೇ ರೂಢಿ, ಕೊನೆಯ ಕಡಿದಾದ ಇಳಿಜಾರು ಪೂರ್ತಿ ಕಣ್ಣೆದುರು. ಷೆಂಗನ್ ವೀಸಾಕ್ಕೆ ದೀಪಾವಳಿಗಿಂತ ಮುಂಚೆಯೇ ಅರ್ಜಿ ಹಾಕಿ.

ಏಪ್ರಿಲ್ ಬಂದ ಮೇಲೆ

ಅಂತಿಮ ಸ್ಪರ್ಧೆಗಳು ಮುಗಿದ ವಾರ ನಾನು ಒಂದು ನೋಟ್‌ಬುಕ್ಕಿನಲ್ಲಿ ಆ ಋತುವಿನ ಐದು ತಿರುವುಗಳನ್ನು ಬರೆದಿಡುತ್ತೇನೆ: ಯಾರು, ಎಲ್ಲಿ, ಯಾವ ಗೇಟು, ಏನು ಕಂಡೆ. ಅದನ್ನೇ ಮುಂದಿನ ಫೆಬ್ರವರಿಗೆ ಚೀಲಕ್ಕೆ ಹಾಕುವುದು.

ಕಾಲಿಗೂ ಕೆಲಸ ಕೊಡಬೇಕು. ಪುಣೆಯ ಕೋಥ್ರೂಡಿನಲ್ಲಿರುವ ಗೆಳತಿ ಭಾನುವಾರ ಬೆಳಿಗ್ಗೆ ಸಿಂಹಗಡ ಹತ್ತುತ್ತಾಳೆ. ಅವಳು ಲೆಕ್ಕ ಇಡುವುದು ಇಳಿಯುವ ಹೊತ್ತನ್ನು, ಯಾಕೆಂದರೆ ಸ್ಕೀಗೆ ಬೇಕಾದ ತೊಡೆಯ ಬಲ ಮೈಭಾರವನ್ನು ತಡೆದು ತಡೆದು ಇಳಿಸುವಾಗ ಬರುತ್ತದೆ. ನನಗೆ ಮುಲುಂಡಿನ ಹಿಂದಿನ ಗುಡ್ಡ, ಮಳೆ ಜೋರಾದರೆ ಕಟ್ಟಡದ ಹದಿನಾಲ್ಕು ಮಹಡಿಯ ಮೆಟ್ಟಿಲು. ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯುವುದು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲಿ ಗಣಪತಿಯ ಗಡಿಬಿಡಿ ನಡೆಯುವಾಗ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್‌ಗಳಲ್ಲಿ ಚಳಿಗಾಲ. ವಿಶ್ವಕಪ್‌ನವರು ಅಭ್ಯಾಸಕ್ಕೆ ಅಲ್ಲಿಗೆ ಹೋಗಿರುತ್ತಾರೆ, ನಮ್ಮವರೂ ಕೆಲವರು ಪಾಯಿಂಟ್‌ಗಾಗಿ ಇಳಿಯುತ್ತಿರುತ್ತಾರೆ. ಫಿಸ್ ಪುಟಗಳಲ್ಲಿ ಆ ಫಲಿತಾಂಶ ಬರುತ್ತಿರುತ್ತದೆ. ಅದು ಮುಗಿಯುವಷ್ಟರಲ್ಲಿ ಹೊಸ ಋತುವಿನ ವೇಳಾಪಟ್ಟಿ ತೆಗೆದು, ಪೆನ್ಸಿಲ್ ಚೂಪು ಮಾಡಿ, ಅಕ್ಟೋಬರ್ ಹಾಳೆಯ ಕೊನೆಯ ಭಾನುವಾರದ ಹಿಂದಿನ ಶನಿವಾರಕ್ಕೆ ಮೂರೂವರೆ ಕೂಡಿಸಿ ಸಮಯ ಬರೆಯಿರಿ. ಭಾನುವಾರಕ್ಕೆ ನಾಲ್ಕೂವರೆ.